ಆಟದ ಸಾಮಾನಿಗೂ ಕಾಳಸಂತೆ!

ಕಳೆದ ತಿಂಗಳು ಚಂದಾ ವಸೂಲಿಗೆಂದು ಬಸವನಗುಡಿಯ ಮನೆಯೊಂದಕ್ಕೆ ಹೋಗಿದ್ದೆ. ಗಾಂಧಿ ಬಜಾರಿನಿಂದ ಎರಡು ಅಡ್ಡರಸ್ತೆ ಆಚೆ. ಹೆಂಚು ಹೋಗಿ ತಾರಸಿ ಬಂದ, ಜಗುಲಿ ಹೋಗಿ ಕಾರು ನಿಲ್ಲುವ ಜಾಗ ಬಂದ ಹಳೆಯ ಮನೆ. ಯಜಮಾನರು ಒಳ್ಳೆಯವರೇ. ಕಾಫಿ ಕೊಟ್ಟರು, ಚಂದಾ ಹಣವನ್ನೂ ಕೊಟ್ಟರು. (ಇದನ್ನು ಓದಿದ ಮೇಲೆ ಬರುವ ವರ್ಷ ಕೊಡುತ್ತಾರೋ ಇಲ್ಲವೋ ಕಾಣೆ.) ಹಜಾರದ ಒಂದು ಗೋಡೆಯುದ್ದಕ್ಕೂ ಗಾಜಿನ ಬೀರು. ಪುಸ್ತಕವಿರಬಹುದೆಂದು ಹತ್ತಿರ ಹೋದೆ. ಪುಸ್ತಕವಲ್ಲ, ಪೆಟ್ಟಿಗೆಗಳು. ನೆಲದಿಂದ ತೊಲೆಯವರೆಗೆ ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆಗಳು. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೋಟೆ, ರೈಲು, ವಿಮಾನ ಕಟ್ಟುವ ಆಟಿಕೆ ಇದೆಯಲ್ಲ, ಲೆಗೋ ಎನ್ನುತ್ತಾರಲ್ಲ, ಅದು. ಒಂದರ ಸೀಲೂ ಒಡೆದಿರಲಿಲ್ಲ. ಬೀರುವಿಗೆ ಬೀಗ.

ಬೀರುವಿನ ಮುಂದೆ ಆರು ವರ್ಷದ ಹುಡುಗನೊಬ್ಬ, ಯಜಮಾನರ ಮೊಮ್ಮಗ, ಗಾಜಿಗೆ ಮೂಗೊತ್ತಿಕೊಂಡು ನಿಂತಿದ್ದ.

“ಮಗುವಿಗೆ ಒಂದನ್ನ ತೆಗೆದುಕೊಡಬಾರದೆ?” ಎಂದೆ.

“ಮೇಷ್ಟ್ರೇ, ಅದು ಆಟದ ಸಾಮಾನಲ್ಲ. ನಮ್ಮ ಹುಡುಗ ಕೂಡಿಟ್ಟಿರೋದು. ಲಿಮಿಟೆಡ್ ಎಡಿಷನ್ನು. ಸೀಲು ಒಡೆದರೆ ಬೆಲೆ ಬಿತ್ತು. ಹತ್ತು ವರ್ಷ ಮುಟ್ಟದೆ ಬಿಟ್ಟರೆ ಬಂಗಾರಕ್ಕಿಂತ ಮೇಲು ಅಂತಾನೆ.”

“ಹಾಗಾದರೆ ಇವನು ಏನು ಆಡ್ತಾನೆ ಸ್ವಾಮಿ?”

“ಅವನ ಕೈಗೆ ಫೋನು ಕೊಟ್ಟಿದೀವಲ್ಲ” ಎಂದರು.

ಆ ಮನೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಗಾಜಿನ ಬೀರು ಮಾತ್ರ ಕಣ್ಣಿನಿಂದ ಹೋಗಲೊಲ್ಲದು. ಆಟದ ಸಾಮಾನು ದಾಸ್ತಾನಾಗಿದೆ, ಮಗು ಅದರ ಕಾವಲುಗಾರನಾಗಿದ್ದಾನೆ. ಇದೆಲ್ಲ ಶ್ರೀಮಂತರ ಮನೆಯ ಸುದ್ದಿ, ನಮಗೇಕೆ ಎಂದು ನಮ್ಮ ಗಿರಣಿಯ ಗೆಳೆಯರೂ ಬಜಾರಿನ ವರ್ತಕ ಮಿತ್ರರೂ ಕೇಳಬಹುದು. ಏಕೆಂಬುದನ್ನೇ ಹೇಳಹೊರಟಿದ್ದೇನೆ.

ಮೊದಲು ಆ ಇಟ್ಟಿಗೆಯ ಜಾತಕ ನೋಡೋಣ. ಅದನ್ನು ಹುಟ್ಟಿಸಿದವನು ಬಂಡವಾಳಗಾರನಲ್ಲ, ಬಡಗಿ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಬಡಿದಿದ್ದ ಕಾಲದಲ್ಲಿ, ಮನೆ ಕಟ್ಟಿಸುವವರಿಲ್ಲದೆ ಕೆಲಸ ನಿಂತಾಗ, 1932ರಲ್ಲಿ ಮರದ ಆಟಿಕೆ ಮಾಡಲು ಕೂತ. ‘ಚೆನ್ನಾಗಿ ಆಡು’ ಎಂಬ ಅರ್ಥದ ಡೇನಿಷ್ ಮಾತನ್ನು ಮೊಟಕು ಮಾಡಿ ಲೆಗೋ ಎಂದು ಹೆಸರಿಟ್ಟ. ‘ಚೆನ್ನಾಗಿ ಕೂಡಿಡು’ ಎಂದಲ್ಲ, ಗಮನಿಸಿ. ಪ್ಲಾಸ್ಟಿಕ್ ಇಟ್ಟಿಗೆ 1949ರಲ್ಲಿ ಬಂತು. ಅದೂ ಪೂರ್ತಿ ಸ್ವಂತ ಬುದ್ಧಿಯದಲ್ಲ. ಇಂಗ್ಲೆಂಡಿನ ಕಿಡ್ಡಿಕ್ರಾಫ್ಟ್ ಎಂಬವರು ಅದಕ್ಕೆ ಮೊದಲೇ ಮಾಡಿ ಮಾರುತ್ತಿದ್ದ ಇಟ್ಟಿಗೆಯನ್ನು ನೋಡಿ ತಿದ್ದಿದ್ದು. ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಯಿಟ್ಟು, ಒಮ್ಮೆ ಸಿಕ್ಕಿಸಿದರೆ ಬಿಗಿಯಾಗಿ ಕೂತು ಎಳೆದರೆ ಬಿಡುವ ಉಪಾಯಕ್ಕೆ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದರು. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. ಅಲ್ಲಿಗೆ ಮರವನ್ನು ಕೈಬಿಟ್ಟರು.

ಇಟ್ಟಿಗೆ ಒಳ್ಳೆಯದೇ. 1958ರ ಇಟ್ಟಿಗೆ ಇಂದಿನ ಇಟ್ಟಿಗೆಗೆ ಕೂಡುತ್ತದೆ. ನಮ್ಮ ಸರ್ಕಾರಿ ಶಾಲೆಯ ಬಾಗಿಲಿಗೆ ಅದರದೇ ಚಿಲಕ ಕೂಡುವುದಿಲ್ಲ, ಅದು ಬೇರೆ ಮಾತು. ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ: 91 ಕೋಟಿ 51 ಲಕ್ಷ 3 ಸಾವಿರದ 765 ಬಗೆ. ಆರೇ ಆರು ತುಂಡಿನಿಂದ! ಸೀಲು ಹಾಕಿ ಬೀರುವಿನಲ್ಲಿಟ್ಟ ಪೆಟ್ಟಿಗೆಯೊಳಗೆ ಆರು ಸಾವಿರ ತುಂಡುಗಳಿದ್ದರೂ ಅವು ಆಗುವುದು ಒಂದೇ ಒಂದು ಆಕಾರ: ರಟ್ಟಿನ ಪೆಟ್ಟಿಗೆಯ ಆಕಾರ.

ಈಗ ಲಿಮಿಟೆಡ್ ಎಡಿಷನ್ ಎಂಬ ಮಾಯೆಗೆ ಬರೋಣ. ರಾಗಿ ಕಡಿಮೆಯಾದರೆ ಮಳೆ ಬರಲಿಲ್ಲ ಎನ್ನಬಹುದು. ಹತ್ತಿ ಕಡಿಮೆಯಾದರೆ ಹುಳು ಬಿತ್ತು ಎನ್ನಬಹುದು. ಅಚ್ಚಿನಿಂದ ಒತ್ತಿ ತೆಗೆಯುವ ಪ್ಲಾಸ್ಟಿಕ್ ಇಟ್ಟಿಗೆಗೆ ಯಾವ ಬರಗಾಲ? ಬೇಡವೆಂದಾಗ ಯಂತ್ರ ನಿಲ್ಲಿಸುತ್ತಾರೆ, ಅಷ್ಟೆ. ಈ ಮಾದರಿ ‘ನಿವೃತ್ತ’ವಾಯಿತು ಎಂದು ಸಾರುತ್ತಾರೆ. ಆಟಿಕೆಗೆ ನಿವೃತ್ತಿ! ಮೂವತ್ತು ವರ್ಷ ದುಡಿದ ಗಿರಣಿ ಕಾರ್ಮಿಕ ನಿವೃತ್ತನಾದರೆ ಅವನ ಬೆಲೆ ಇಳಿಯುತ್ತದೆ. ಪ್ಲಾಸ್ಟಿಕ್ ಇಟ್ಟಿಗೆ ನಿವೃತ್ತವಾದರೆ ಅದರ ಬೆಲೆ ಏರುತ್ತದೆ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು, 1987ರಿಂದ 2015ರವರೆಗೆ ಬಂದ ಎರಡು ಸಾವಿರಕ್ಕೂ ಹೆಚ್ಚು ಇಂಥ ಸೆಟ್ಟುಗಳ ಬೆಲೆಯನ್ನು ಪರಿಶೀಲಿಸಿ, ಮುಟ್ಟದೆ ಇಟ್ಟವುಗಳ ಬೆಲೆ ಸರಾಸರಿ ವರ್ಷಕ್ಕೆ ಶೇಕಡ 11ರಷ್ಟು ಬೆಳೆದಿದೆಯೆಂದು ತೋರಿಸಿದರು. ಸುದ್ದಿ ಹಬ್ಬಿತು. ಪತ್ರಿಕೆಗಳು ‘ಬಂಗಾರಕ್ಕಿಂತ ಮೇಲು’ ಎಂದು ಬರೆದವು. ನಮ್ಮ ಬಸವನಗುಡಿಯ ಯಜಮಾನರ ಬಾಯಿಗೆ ಬಂದದ್ದು ಆ ಮಾತೇ. ಸರಾಸರಿಯ ಬೆನ್ನಿಗೇ ಆ ಸಂಶೋಧಕರು ಹೇಳಿದ್ದ ಇನ್ನೊಂದು ಮಾತನ್ನು, ಎಷ್ಟೋ ಸೆಟ್ಟುಗಳು ನಷ್ಟಕ್ಕೂ ಬಿದ್ದಿವೆ ಎಂಬುದನ್ನು, ಯಾರೂ ತಲೆಬರಹ ಮಾಡಲಿಲ್ಲ.

ತಾಜಮಹಲಿನ ಕಥೆಯನ್ನಂತೂ ಹೇಳಲೇಬೇಕು. 2008ರಲ್ಲಿ ಕಂಪನಿ ತಾಜಮಹಲಿನ ಮಾದರಿಯೊಂದನ್ನು ಮಾರಿತು. 5,922 ತುಂಡುಗಳು, ಅಮೆರಿಕದಲ್ಲಿ ಸುಮಾರು 300 ಡಾಲರು. ಕೆಲವು ವರ್ಷಕ್ಕೆ ನಿಲ್ಲಿಸಿತು. ಕೂಡಿಟ್ಟವರಿಗೆ ಹಬ್ಬ. ಬೆಲೆ ಸಾವಿರಾರು ಡಾಲರಿಗೆ ಏರಿತು. ಮಗಳ ಮದುವೆಗೆ, ಮನೆಯ ಸಾಲಕ್ಕೆ ಎಂದು ಜನ ತಾಜಮಹಲನ್ನು ಮಂಚದ ಕೆಳಗೆ ಇಟ್ಟುಕೊಂಡು ಮಲಗಿದರು. 2017ರ ನವೆಂಬರಿನಲ್ಲಿ ಕಂಪನಿ ಅದೇ ತಾಜಮಹಲನ್ನು, ಒಂದೇ ಒಂದು ತುಂಡು ಹೆಚ್ಚಿಗೆ ಹಾಕಿ, 5,923 ತುಂಡುಗಳ ಸೆಟ್ಟೆಂದು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಹಳೆಯ ಪೆಟ್ಟಿಗೆಗಳ ಬೆಲೆ ನೆಲ ಕಂಡಿತು. ಅಭಾವ ದೇವರು ಕೊಟ್ಟದ್ದಲ್ಲ, ಯಜಮಾನನ ಕೈಯ ನಲ್ಲಿಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಲ್ಲಿ ತಿರುಗಿಸಿದರೆ ಬಂತು, ಮುಚ್ಚಿದರೆ ನಿಂತಿತು. ಕೊಡ ಹಿಡಿದು ನಿಂತವರು ಮಾತ್ರ ತಾವು ಬುದ್ಧಿವಂತರೆಂದುಕೊಂಡಿದ್ದರು.

ಅಕ್ಕಿ ಮೂಟೆ ಮಿತಿಮೀರಿ ಕೂಡಿಟ್ಟರೆ 1955ರ ಅಗತ್ಯ ವಸ್ತುಗಳ ಕಾಯಿದೆ ಇದೆ. ದಿನಸಿ ವರ್ತಕರಿಗೆ ಆ ಕಾಯಿದೆಯ ಇನ್ಸ್‌ಪೆಕ್ಟರನ ಬೂಟಿನ ಸದ್ದು ಗೊತ್ತು. ಆಟಿಕೆ ಕೂಡಿಟ್ಟರೆ ಅದಕ್ಕೆ ‘ಹವ್ಯಾಸ’ವೆಂಬ ಗೌರವದ ಹೆಸರು. ಆಟಿಕೆ ಕೂಡಿಟ್ಟವರ ಮನೆಗೂ ಇನ್ಸ್‌ಪೆಕ್ಟರನನ್ನು ಕಳಿಸಿ ಎಂದು ನಾನು ಹೇಳುತ್ತಿಲ್ಲ. ಮನಸ್ಸಿನ ಕಟ್ಟಳೆ ಎರಡೂ ಕಡೆ ಒಂದೇ ಎಂದು ಹೇಳುತ್ತಿದ್ದೇನೆ. ತಿನ್ನುವವನಿಗೆ ಸಿಗದಂತೆ ಇಟ್ಟರೆ ಅಕ್ಕಿಗೆ ಬೆಲೆ, ಆಡುವವನಿಗೆ ಸಿಗದಂತೆ ಇಟ್ಟರೆ ಆಟಿಕೆಗೆ ಬೆಲೆ!

ಅಂಚೆಚೀಟಿ ಕೂಡಿಡುವವರಿಲ್ಲವೆ, ಹಳೆಯ ನಾಣ್ಯ ಕೂಡಿಡುವವರಿಲ್ಲವೆ ಎಂದು ಕೇಳುವವರಿದ್ದಾರೆ. ಇದ್ದಾರೆ. ಅಂಚೆಚೀಟಿ ತನ್ನ ಕೆಲಸ ಮುಗಿಸಿ, ಠಸ್ಸೆ ಹೊಡೆಸಿಕೊಂಡು, ಅನಂತರ ಪುಸ್ತಕ ಸೇರುತ್ತದೆ. ಇಲ್ಲಿ ಕೆಲಸ ಆರಂಭವಾಗುವ ಮೊದಲೇ ವಸ್ತುವಿಗೆ ಸಮಾಧಿ. ದೊಡ್ಡವರು ಆಡಬಾರದೆಂದೂ ನನ್ನ ವಾದವಲ್ಲ. ಪಾಳಿ ಮುಗಿಸಿ ಬಂದವನು ರಾತ್ರಿ ಒಂದು ಗಂಟೆ ಕೂತು ಇಟ್ಟಿಗೆ ಜೋಡಿಸಿದರೆ, ತನ್ನ ಮಕ್ಕಳ ಜೊತೆ ಸೇತುವೆ ಕಟ್ಟಿ ಕೆಡವಿದರೆ, ಅವನಿಗೆ ನನ್ನ ನಮಸ್ಕಾರ. ತಾವು ಕಟ್ಟಿದ್ದನ್ನು ಬೀದಿಯ ಮಕ್ಕಳಿಗೆ ತೋರಿಸಿ ಕೈಗೆ ಕೊಡುವವರೂ ಇದ್ದಾರು. ಅವರು ನಮ್ಮವರೇ.

ಕೂಡಿಡುವುದು ನಮ್ಮಲ್ಲೂ ಹೊಸದಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಲ್ಲಿ ಬೊಂಬೆ ಕೂಡಿಡುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ಮದುವೆಯಲ್ಲಿ ಮಗಳಿಗೆ ಪಟ್ಟದ ಬೊಂಬೆಯ ಜೋಡಿ ಕೊಡುತ್ತಾರೆ. ಅದಕ್ಕೆ ವರ್ಷವರ್ಷ ಒಂದೊಂದು ಸೇರುತ್ತದೆ. ಶೆಟ್ಟಿಯ ಅಂಗಡಿ, ಸೈನ್ಯ, ಮದುವೆ ದಿಬ್ಬಣ, ರೈಲು ನಿಲ್ದಾಣ. ಆದರೆ ಆ ಟ್ರಂಕು ವರ್ಷಕ್ಕೊಮ್ಮೆ ನವರಾತ್ರಿಗೆ ತೆರೆಯುತ್ತದೆ. ಮೆಟ್ಟಿಲು ಕಟ್ಟಿ, ಬಾಗಿಲು ತೆರೆದು, ‘ಬೊಂಬೆ ಕೂರಿಸಿದ್ದೀರಾ?’ ಎಂದು ಬೀದಿಯ ಮಕ್ಕಳು ಬಂದರೆ ಬೊಂಬೆ ಬಾಗಿನ ಎಂದು ಕೈತುಂಬ ತಿಂಡಿ ಕೊಟ್ಟು ಕಳಿಸುತ್ತಾರೆ. ಆ ಹಜಾರದೊಳಕ್ಕೆ ಎಲ್ಲ ಜಾತಿಯ, ಎಲ್ಲ ಬೀದಿಯ ಮಕ್ಕಳಿಗೂ ಪ್ರವೇಶವಿತ್ತೆಂದು ನಾನು ಹೇಳಲಾರೆ. ಹೇಳಿದರೆ ಸುಳ್ಳಾದೀತು. ಆದರೂ ಆ ಸಂಗ್ರಹದ ಧರ್ಮ ತೋರಿಸುವುದು. ಗಾಜಿನ ಬೀರುವಿನ ಧರ್ಮ ಮುಚ್ಚಿಡುವುದು.

ಈಗ ಇನ್ನೊಂದು ಮೋಸಕ್ಕೆ ಬರುತ್ತೇನೆ. ಅದು ‘ಎಜುಕೇಷನಲ್ ಟಾಯ್’ ಎಂಬ ಮುದ್ರೆ. ಇದರ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ. ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಪೆಟ್ಟಿಗೆಯ ಮೇಲೆ ‘ಬುದ್ಧಿ ಬೆಳೆಸುತ್ತದೆ’, ‘ಗಣಿತ ಕಲಿಸುತ್ತದೆ’, ‘ಎಂಜಿನಿಯರ್ ಮಾಡುತ್ತದೆ’ ಎಂದು ಅಚ್ಚು ಹಾಕಿದ ಕೂಡಲೇ ನೂರರ ಸಾಮಾನಿಗೆ ಸಾವಿರ. ಕೊಳ್ಳಲಾರದ ತಾಯಿ ತನ್ನ ಮಗು ದಡ್ಡನಾಗಿಬಿಟ್ಟೀತೆಂದು ಅಂಗಡಿಯ ಮುಂದೆ ಕುಗ್ಗಿ ನಿಲ್ಲುತ್ತಾಳೆ. ಆ ತಾಯಿಯನ್ನು ನಾನು ಕಂಡಿದ್ದೇನೆ. ಕಡಲೆಕಾಯಿ ಪರಿಷೆಯ ದಿನ, ಬ್ಯೂಗಲ್ ರಾಕಿನ ಪಕ್ಕ, ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಮಗನಿಗೆ ಬೀದಿಯ ಮೇಲಿನ ಮರದ ಗಾಡಿ ಕೊಡಿಸಿ, ನನ್ನ ಕಡೆ ತಿರುಗಿ, “ಸಾರ್, ಇದು ಆಡೋಕೆ ಅಷ್ಟೆ. ಬುದ್ಧಿ ಬರೋದು ತಗೊಳ್ಳೋಕೆ ನಮ್ಮ ಕೈಲಿ ಎಲ್ಲಾಗುತ್ತೆ?” ಎಂದಳು. ತಪ್ಪು ಮಾಡಿದವರ ಹಾಗೆ ಹೇಳಿದಳು. ಆ ಮರದ ಗಾಡಿಯಲ್ಲಿ ಅಚ್ಚಿತ್ತು, ಚಕ್ರವಿತ್ತು, ಇಳಿಜಾರಿನಲ್ಲಿ ತಾನೇ ಓಡುತ್ತಿತ್ತು. ಭೌತಶಾಸ್ತ್ರಕ್ಕೆ ಇನ್ನೇನು ಬೇಕು?

ನಾನು ಒಂದನೇ ತರಗತಿಗೆ ಕೂಡುವುದು ಕಳೆಯುವುದು ಕಲಿಸಿದ್ದು ಹುಣಸೆಬೀಜದಲ್ಲಿ. ಹತ್ತು ಬೀಜಕ್ಕೊಂದು ಖಾಲಿ ಬೆಂಕಿಪೆಟ್ಟಿಗೆ, ಹತ್ತು ಪೆಟ್ಟಿಗೆಗೊಂದು ಚೀಲ. ಬಿಡಿ, ಹತ್ತು, ನೂರು ಮೂರೂ ಕೈಗೆ ಸಿಕ್ಕವು. ಇದು ನನ್ನ ಕಂಡುಹಿಡಿತವಲ್ಲ, ಈ ನಾಡಿನ ಸಾವಿರಾರು ಮೇಷ್ಟ್ರುಗಳು ಮಾಡಿದ್ದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ನಿಂತದ್ದೂ ಈ ಬುನಾದಿಯ ಮೇಲೆ. ಹೆಸರೇ ಹೇಳುತ್ತದೆ, ನಲಿ, ಆಮೇಲೆ ಕಲಿ. ಅರವಿಂದ ಗುಪ್ತಾ ಅವರು ಟೆಲ್ಕೋ ಕಾರ್ಖಾನೆಯ ಎಂಜಿನಿಯರರಾಗಿದ್ದವರು. 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಪಾಠದ ಕೆಲಸಕ್ಕೆ ಹೋದಾಗ, ಬೆಂಕಿಕಡ್ಡಿಗಳ ತುದಿಗೆ ಸೈಕಲ್ ವಾಲ್ವ್ ಟ್ಯೂಬಿನ ತುಂಡು ಸಿಕ್ಕಿಸಿ, ತ್ರಿಕೋನ, ಚೌಕ, ಮನೆ, ಗೋಪುರ ಕಟ್ಟುವ ಆಟವನ್ನು ಹೊರತಂದರು. ತ್ರಿಕೋನವನ್ನು ಒತ್ತಿದರೆ ಜಗ್ಗುವುದಿಲ್ಲ, ಚೌಕ ವಾಲುತ್ತದೆ. ಸೇತುವೆಗೆ, ಸೂರಿಗೆ ತ್ರಿಕೋನವನ್ನೇ ಏಕೆ ಹಾಕುತ್ತಾರೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಖರ್ಚು? ಒಂದು ಬೆಂಕಿಪೊಟ್ಟಣ, ಒಂದು ಗೇಣು ರಬ್ಬರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆ ಮಾತ್ರ ಯಾವ ಗಾಜಿನ ಬೀರುವಿಗೂ ಬರಲಿಲ್ಲ.

ಕಟ್ಟುವ ಆಟಿಕೆಯ ಮೂಲಪುರುಷ ಜರ್ಮನಿಯ ಮೇಷ್ಟರು ಫ್ರೋಬೆಲ್. 1837ರಲ್ಲಿ ಶಿಶುವಿಹಾರ ಆರಂಭಿಸಿದವನು. ಅವನ ಮರದ ಇಟ್ಟಿಗೆಯ ಅಳತೆ ನೋಡಿ: ದಪ್ಪ ಒಂದಾದರೆ ಅಗಲ ಎರಡು, ಉದ್ದ ನಾಲ್ಕು. ಎರಡು ದಪ್ಪ ಸೇರಿದರೆ ಒಂದು ಅಗಲ, ಎರಡು ಅಗಲ ಸೇರಿದರೆ ಒಂದು ಉದ್ದ. ಅರ್ಧ, ಕಾಲು ಎಂಬ ಮಾತು ಬಾಯಿಗೆ ಬರುವ ಮುಂಚೆಯೇ ಕೈಗೆ ಬರುತ್ತದೆ. ಗಾರೆ ಕೆಲಸದವರು ಇದನ್ನು ಓದಿದರೆ ನಗುತ್ತಾರೆ. ಎರಡು ಅಗಲಕ್ಕೆ ಒಂದು ಉದ್ದವೆಂಬುದು ಅವರ ಗೋಡೆಯ ಮೊದಲ ಪಾಠ. ಇಷ್ಟು ನಿರುಪದ್ರವಿಯಾದ ಈ ಶಿಶುವಿಹಾರಗಳನ್ನು 1851ರಲ್ಲಿ ಪ್ರಷ್ಯಾದ ಸರ್ಕಾರ ನಿಷೇಧಿಸಿಬಿಟ್ಟಿತು. ಏಕೆ ಗೊತ್ತೆ? ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಹರಡುತ್ತವೆಂದು! ಒಂಬತ್ತು ವರ್ಷ ಆ ನಿಷೇಧ ಇತ್ತು. ಮರದ ತುಂಡಿಗೂ ಮಕ್ಕಳ ಗುಂಪಿಗೂ ಆ ಮಂತ್ರಿಗಳು ಹೆದರಿದರು. ಇಂದಿನವರು ಇನ್ನೂ ಜಾಣರು. ನಿಷೇಧಿಸುವುದಿಲ್ಲ, ಬೆಲೆ ಹಚ್ಚುತ್ತಾರೆ.

ಇಟ್ಟಿಗೆಯ ಒಡೆತನದ ಮಾತೂ ನ್ಯಾಯಾಲಯ ಹತ್ತಿದೆ. ಪೇಟೆಂಟಿನ ಅವಧಿ ಮುಗಿದ ಮೇಲೆ, ಆ ಆಕಾರವೇ ನಮ್ಮ ವ್ಯಾಪಾರಮುದ್ರೆ, ಬೇರೆ ಯಾರೂ ಮಾಡಕೂಡದು ಎಂದು ಕಂಪನಿ ದೇಶದೇಶಗಳಲ್ಲಿ ದಾವೆ ಹೂಡಿತು. ಕೆನಡಾದ ಸುಪ್ರೀಂ ಕೋರ್ಟು 2005ರಲ್ಲಿ, ಯೂರೋಪಿನ ಅತ್ಯುಚ್ಚ ನ್ಯಾಯಾಲಯ 2010ರಲ್ಲಿ ಆಗದೆಂದವು. ಗುಬುಟು ಇರುವುದು ಇಟ್ಟಿಗೆ ಕೂಡಲೆಂದು. ಕೆಲಸಕ್ಕೆ ಬೇಕಾದ ಆಕಾರವನ್ನು ಒಬ್ಬನೇ ಶಾಶ್ವತವಾಗಿ ಕಟ್ಟಿಟ್ಟುಕೊಳ್ಳಲಾಗದು ಎಂಬುದು ತೀರ್ಪಿನ ಸಾರ. ಆದುದರಿಂದ ಗೆಳೆಯರೇ, ಇಟ್ಟಿಗೆ ಎಲ್ಲರದು. ಉಳಿದದ್ದು ಪೆಟ್ಟಿಗೆಯ ಮೇಲಿನ ಹೆಸರು, ಒಳಗಿನ ಅಚ್ಚಿನ ನಾಜೂಕು, ಮತ್ತು ಆ ಕೃತಕ ಅಭಾವ.

ಲೆಕ್ಕ ಕೇಳುವವರಿಗೆ ಲೆಕ್ಕ. 2017ರಲ್ಲಿ ಇದೇ ಕಂಪನಿ ಸಿನಿಮಾದ ಆಕಾಶನೌಕೆಯೊಂದರ ಮಾದರಿ ತಂದಿತು, 7,541 ತುಂಡು, ಸುಮಾರು 800 ಡಾಲರು. ಆ ವರ್ಷದ ವಿನಿಮಯದಲ್ಲಿ 50 ಸಾವಿರ ರೂಪಾಯಿ ಮೀರಿತು, ಸುಂಕಕ್ಕೆ ಮುಂಚೆಯೇ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳಿಗೆ ಅದು ಹಲವು ತಿಂಗಳ ಸಂಬಳ. ಅಷ್ಟೂ ತುಂಡಿನಿಂದ ಕಟ್ಟಬೇಕಾದದ್ದು ಪುಸ್ತಕದಲ್ಲಿ ಹೇಳಿದ ಒಂದೇ ನೌಕೆ. ಕಟ್ಟಿದ ಮೇಲೆ ಧೂಳು ಒರೆಸುವ ಕೆಲಸ. ಆ ಕೆಲಸ ಮನೆಗೆಲಸದವಳದು.

ಇದೆಲ್ಲ ಮಾರುವುದು ಎಲ್ಲಿ? ಮಾಲುಗಳಲ್ಲಿ. ಮಾಲು ನಿಂತಿರುವುದು ಎಲ್ಲಿ? ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ ಇತ್ತು. ಸೈರನ್ ಕೂಗಿದರೆ ಸುತ್ತಿನ ವಠಾರಗಳಲ್ಲಿ ಒಲೆ ಹೊತ್ತುತ್ತಿತ್ತು. ಆ ನೆಲದ ಮೇಲೆ 2010ರಲ್ಲಿ ಮಂತ್ರಿ ಸ್ಕ್ವೇರ್ ಎದ್ದಿತು. 2014ರಲ್ಲಿ ಮೆಟ್ರೋ ಬಂದಾಗ ನಿಲ್ದಾಣದ ಹೆಸರಿಗೂ ಆ ಮಾಲಿನ ಹೆಸರೇ ಹತ್ತಿಕೊಂಡಿತು. ಮಿಲ್ಲಿನ ಹೆಸರಿಗೆ ಒಂದು ಹಲಗೆಯ ಜಾಗವೂ ಸಿಗಲಿಲ್ಲ. ಚಾಮರಾಜಪೇಟೆಯ ಆಚೆಗೆ ಬಿನ್ನಿ ಮಿಲ್; ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿ ಒಂದು ಪೇಟೆಗೇ ಹೆಸರು ಕೊಟ್ಟ ಗಿರಣಿ. ಅಲ್ಲೂ ಈಗ ಬಹುಮಹಡಿ ಮನೆಗಳು, ಮಾಲು. ಬಿನ್ನಿಯಲ್ಲಿ ನೇಯ್ದವನ ಮೊಮ್ಮಗ ಅಂಥ ಮಾಲಿನ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ಚೀಲ ತಪಾಸಣೆ ಮಾಡುತ್ತಿದ್ದಾನೆ. ಅವನ ಮಗ ಆ ಅಂಗಡಿಯ ಗಾಜಿನ ಹೊರಗಿದ್ದಾನೆ. ಬಸವನಗುಡಿಯ ಹುಡುಗನೂ ಗಾಜಿನ ಹೊರಗೇ ಇದ್ದಾನಲ್ಲ! ದುಡ್ಡಿದ್ದ ಮನೆಯ ಮಗುವಿಗೂ ದುಡ್ಡಿಲ್ಲದ ಮನೆಯ ಮಗುವಿಗೂ ಒಟ್ಟಿಗೇ ಆಟ ತಪ್ಪಿಸಿದ ವ್ಯವಸ್ಥೆ ಇದು. ಈ ಸಮಾನತೆಯನ್ನು ನಾವು ಯಾರೂ ಕೇಳಿರಲಿಲ್ಲ.

ಇನ್ನು ವರ್ತಕ ಮಿತ್ರರ ಪಾಡು. ಮಾಮೂಲುಪೇಟೆಯ ಓಣಿಯಲ್ಲಿ ಮೂವತ್ತು ವರ್ಷದಿಂದ ಆಟಿಕೆ ಸಗಟು ಮಾರುವವರೊಬ್ಬರ ಹತ್ತಿರ ಅರ್ಧ ದಿನ ಕೂತಿದ್ದೆ. ನೂರು ರೂಪಾಯಿಯ ವಿದೇಶಿ ಆಟಿಕೆಗೆ ಇಪ್ಪತ್ತು ರೂಪಾಯಿ ಇದ್ದ ಆಮದು ಸುಂಕ 2020ರಲ್ಲಿ ಅರವತ್ತಾಯಿತು, 2023ರಲ್ಲಿ ಎಪ್ಪತ್ತಾಯಿತು. 2021ರ ಜನವರಿ 1ರಿಂದ ಐ.ಎಸ್.ಐ. ಮುದ್ರೆಯಿಲ್ಲದ ಆಟಿಕೆ ಮಾರುವಂತಿಲ್ಲ. “ಮೇಷ್ಟ್ರೇ, ಮಗು ಬಾಯಿಗೆ ಇಟ್ಟುಕೊಳ್ಳೋ ಸಾಮಾನು, ಬಣ್ಣದಲ್ಲಿ ಸೀಸ ಇರಬಾರದು ಅನ್ನೋದು ನ್ಯಾಯವೇ. ನಾನೂ ಅಜ್ಜ ಆಗಿದೀನಿ. ಆದರೆ ಮೊಲ್ಡಿಂಗ್ ಮೆಷಿನ್ ಒಂದಿಟ್ಟುಕೊಂಡು ಗಿಲಕಿ ಮಾಡೋ ಬಡಪಾಯಿ ಪರೀಕ್ಷೆಗೆ, ಪರವಾನಗಿಗೆ ಎಲ್ಲಿಂದ ತರಬೇಕು? ಮುಚ್ಚಿಕೊಂಡು ಹೋದ. ದೊಡ್ಡವರು ಉಳಿದರು” ಎಂದರು. ಸುಂಕ ಏರಿದ್ದರಿಂದ ಶ್ರೀಮಂತರ ಸಂಗ್ರಹ ನಿಂತಿತೆ? ಅಮೆರಿಕದಿಂದ ಬರುವ ಭಾವನ ಸೂಟ್‌ಕೇಸಿಗೆ ಯಾವ ಸುಂಕ! ಹೊಡೆತ ಬಿದ್ದದ್ದು ಓಣಿಯ ಅಂಗಡಿಗೆ.

ಸುಂಕವೇ ತಪ್ಪೆಂದು ನಾನು ಹೇಳಲಾರೆ. ಚೀನಾದ ಅಗ್ಗದ ಪ್ಲಾಸ್ಟಿಕ್ ಬಂದು ಚನ್ನಪಟ್ಟಣದ ಎಷ್ಟೋ ಲೇತುಗಳು ನಿಂತದ್ದನ್ನು ನಾವು ನೋಡಿದ್ದೇವೆ. ಆದರೆ ಗೋಡೆ ಕಟ್ಟಿದ ಮೇಲೆ ಒಳಗಿರುವವನಿಗೆ ಕೆಲಸ ಕೊಡಬೇಡವೆ? ಬೆಂಗಳೂರಿನಿಂದ ಅರವತ್ತು ಕಿಲೋಮೀಟರು, ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ. ಅಲ್ಲಿ ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಗರಿ ಒತ್ತಿ ಮೆರುಗು ಕೊಡುತ್ತಾರೆ. ಅರಿಸಿನದಿಂದ ಹಳದಿ, ನೀಲಿಗಿಡದಿಂದ ನೀಲಿ. ಮಗು ಕಚ್ಚಿದರೂ ಭಯವಿಲ್ಲ. ಲೇತಿನ ಮುಂದೆ ಕೂತವರಲ್ಲಿ ಹೆಂಗಸರು ಬಹಳ. ಭೌಗೋಳಿಕ ಸೂಚಿಕೆಯ ಗೌರವ ಬಂದು ಎಷ್ಟೋ ವರ್ಷವಾಯಿತು. 2020ರ ಆಗಸ್ಟ್ 30ರಂದು ಪ್ರಧಾನಮಂತ್ರಿಗಳು ರೇಡಿಯೋದಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು. ಮರುವರ್ಷದ ಜನವರಿಯಲ್ಲಿ ಕೊಪ್ಪಳದ ಭಾನಾಪುರದ ಬಳಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. 40 ಸಾವಿರ ಕೆಲಸ ಎಂದು ಸಾರಿದರು. ಅದೇ ಜಿಲ್ಲೆಯ ಕಿನ್ನಾಳದಲ್ಲಿ ತಲೆಮಾರುಗಳಿಂದ ಮರದ ಬೊಂಬೆ ಕೆತ್ತುವ ಚಿತ್ರಗಾರರಿದ್ದಾರೆ. ಆ 40 ಸಾವಿರದ ಲೆಕ್ಕವನ್ನು, ಎಷ್ಟು ಜನ, ಯಾವ ಸಂಬಳ, ಅದರಲ್ಲಿ ಕಿನ್ನಾಳದವರೆಷ್ಟು ಎಂಬುದನ್ನು ಸರ್ಕಾರ ಸದನದ ಮುಂದಿಡಲಿ. ಭಾಷಣದಲ್ಲಿ ಹೆಸರು ಹೇಳಿಸಿಕೊಂಡ ಕುಶಲಕರ್ಮಿಗೆ ಬೇಕಾದದ್ದು ಚಪ್ಪಾಳೆಯಲ್ಲ, ಆರ್ಡರು.

ಆರ್ಡರು ಕೊಡುವವರು ಯಾರು? ಸರ್ಕಾರವೇ ಕೊಡಬಹುದು. ಈ ರಾಜ್ಯದಲ್ಲಿ 65 ಸಾವಿರಕ್ಕೂ ಮೀರಿ ಅಂಗನವಾಡಿಗಳಿವೆ. 2023ರಲ್ಲಿ ಕೂಲಿಕಾರ ಹೆಂಗಸರ ಕೂಸುಗಳಿಗೆಂದು 4,000 ‘ಕೂಸಿನ ಮನೆ’ಗಳನ್ನು ಸಾರಿದರು. ಅದೇ ವರ್ಷ ಫೆಬ್ರವರಿಯಲ್ಲಿ ದೆಹಲಿ ಸರ್ಕಾರ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ‘ಜಾದುಯಿ ಪಿಟಾರಾ’ ಎಂಬ ಆಟದ ಪೆಟ್ಟಿಗೆಯನ್ನು ಬಿಡುಗಡೆ ಮಾಡಿತು. ಯೋಚನೆ ಒಳ್ಳೆಯದು, ನಮ್ಮ ಹಳ್ಳಿಯ ಬಾಯಿಗೆ ಹೆಸರು ಹತ್ತುವುದಿಲ್ಲ ಅಷ್ಟೆ. ಒಂದೊಂದು ಅಂಗನವಾಡಿಗೂ ಫ್ರೋಬೆಲ್ ಅಳತೆಯ ನೂರು ಮರದ ಇಟ್ಟಿಗೆ ಎಂದಿಟ್ಟುಕೊಳ್ಳಿ. 65 ಲಕ್ಷ ಇಟ್ಟಿಗೆ! ಚನ್ನಪಟ್ಟಣದ, ಕಿನ್ನಾಳದ ಕಾರ್ಖಾನೆಗಳಿಗೆ ವರ್ಷಗಟ್ಟಲೆ ಕೆಲಸ. ಟೆಂಡರು ಕರೆದು ಯಾವನೋ ಕಂಟ್ರಾಕ್ಟುದಾರನಿಗೆ ಕೊಟ್ಟು, ಅವನು ಬಣ್ಣ ಬಳಿದ ರದ್ದಿ ಮರ ಕಳಿಸುವುದು ಬೇಡ. ಕುಶಲಕರ್ಮಿಗಳ ಸಹಕಾರ ಸಂಘಗಳಿಂದ ನೇರ ಕೊಳ್ಳಲಿ. ಬಂದ ಪೆಟ್ಟಿಗೆಯನ್ನು ‘ಇನ್‌ಸ್ಪೆಕ್ಷನ್ನಿಗೆ ಬೇಕು, ಮಕ್ಕಳು ಕಳೆದುಬಿಡ್ತಾರೆ’ ಎಂದು ಬೀರುವಿನಲ್ಲಿಟ್ಟು ಬೀಗ ಹಾಕುವುದೂ ಬೇಡ. ಇದು ನಮ್ಮದೇ ಶಾಲೆಗಳ ಖಾಯಿಲೆ. ನಾನೂ ಒಂದು ವರ್ಷ ಹಾಗೆ ಮಾಡಿದವನೇ. ಒಂದು ಭೂಗೋಳ, ಒಂದು ಮಣಿಚೌಕಟ್ಟು ದಾಖಲೆ ಪುಸ್ತಕದಲ್ಲಿ ಸರಿಯಿರಲೆಂದು ಮಕ್ಕಳಿಗೆ ಕೊಡದೆ ಇಟ್ಟಿದ್ದೆ. ಗಾಜಿನ ಬೀರುವಿನ ಮುಂದೆ ಬಸವನಗುಡಿಯಲ್ಲಿ ನನಗೆ ಬೆವರು ಬಂದದ್ದು ಅದಕ್ಕೂ ಇರಬೇಕು.

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂರುವುದೇ? ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ‘ಮಕ್ಕಳ ಕೂಟ’ ಕಟ್ಟಿದಾಗ ಯಾವ ಮಂತ್ರಿಯ ಅಪ್ಪಣೆಗೂ ಕಾಯಲಿಲ್ಲ. ಬಾಲವಿಧವೆ, ‘ಸರಸ್ವತಿ’ ಮಾಸಪತ್ರಿಕೆ ನಡೆಸುತ್ತಿದ್ದವರು, ಬೀದಿಯ ಮಕ್ಕಳನ್ನು ಸೇರಿಸಿ ಆಡಿಸಿದರು, ಹಾಡಿಸಿದರು. ಆ ಹೆಸರು ಇಂದಿಗೂ ಆ ಪೇಟೆಯಲ್ಲಿ ನಿಂತಿದೆ.

ನಮ್ಮ ಸಂಘದ ಕಚೇರಿಯ ಹಿಂದಿನ ಕೋಣೆ, ಹಳೆಯ ಭಿತ್ತಿಪತ್ರಗಳ ಕಂತೆ ಬಿಟ್ಟರೆ, ಖಾಲಿಯೇ ಬಿದ್ದಿದೆ. ಅಲ್ಲಿ ಆಟಿಕೆಯ ಲೈಬ್ರರಿ ಇಡುವುದೆಂದು ಕಳೆದ ಭಾನುವಾರ ಮಾತಾಗಿದೆ. ಪುಸ್ತಕ ಎರವಲು ಕೊಟ್ಟಂತೆ ಆಟಿಕೆ ಎರವಲು. ವಾರಕ್ಕೊಂದು, ಠೇವಣಿ ಇಲ್ಲ, ಮುರಿದರೆ ದಂಡವಿಲ್ಲ. ಮುರಿದದ್ದನ್ನು ಮಕ್ಕಳೇ ಕೂತು ಸರಿಮಾಡಬೇಕು. ಗಿರಣಿಯ ಬಡಗಿ ವಿಭಾಗದ ಇಬ್ಬರು ಗೆಳೆಯರು ರಜಾದಿನ ಬಂದು ಇಟ್ಟಿಗೆ ಕೊಯ್ಯಲು ಒಪ್ಪಿದ್ದಾರೆ: ಒಂದು ಅಂಗುಲ ದಪ್ಪ, ಎರಡು ಅಂಗುಲ ಅಗಲ, ನಾಲ್ಕು ಅಂಗುಲ ಉದ್ದ. ಸಾಮಿಲ್ಲಿನ ಸಾಹುಕಾರರು ತುಂಡು ಮರ ಕೊಡುವೆನೆಂದಿದ್ದಾರೆ. ಉಪ್ಪುಕಾಗದ ಉಜ್ಜುವ ಕೆಲಸ ದೊಡ್ಡ ಮಕ್ಕಳದು. ಸೈಕಲ್ ಶಾಪಿನವರು ಹಳೆಯ ವಾಲ್ವ್ ಟ್ಯೂಬು, ದಿನಸಿ ಅಂಗಡಿಯವರು ಹುಣಸೆಬೀಜ, ಖಾಲಿ ಬೆಂಕಿಪೆಟ್ಟಿಗೆ ಕೂಡಿಡಬೇಕು; ಈ ಒಂದು ದಾಸ್ತಾನಿಗೆ ನಮ್ಮ ಅಭ್ಯಂತರವಿಲ್ಲ. ಆಟಿಕೆ ಅಂಗಡಿಯವರು ಮಾರಿಹೋಗದೆ ಉಳಿದ ಹಳೆಯ ಮಾಲನ್ನು, ಮುದ್ರೆ ಇದ್ದದ್ದನ್ನು, ಕೊಟ್ಟರೆ ರಸೀದಿ ಕೊಡುತ್ತೇವೆ. ಲೆಗೋ ಇದ್ದವರು ಅದನ್ನೂ ತರಬಹುದು, ಇಟ್ಟಿಗೆಗೆ ಜಾತಿಯಿಲ್ಲ. ಒಂದೇ ಷರತ್ತು: ಸೀಲು ಒಡೆದು ತರಬೇಕು.